ಅವಳ ಹೆಸರಿನ ಹಸಿರು ಚುಕ್ಕೆ

ದರ್ಜಿಯ ಫೋನು ಬಂದಾಗ ನಾನು ದೇವರ ಮುಂದಿನ ದೀಪದ ಬತ್ತಿ ಸರಿಮಾಡುತ್ತಿದ್ದೆ. ಕೈಯೆಲ್ಲ ಎಣ್ಣೆ. ಒರೆಸಿಕೊಂಡು ಫೋನು ಎತ್ತಿಕೊಂಡೆ.

"ಯಜಮಾನರೇ, ಅಕ್ಕನ ರೂಮಲ್ಲಿ ಗಂಟೆ ಕೇಳ್ತಿಲ್ಲ," ಎಂದ.

ಅವನ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ತಂಗಿ ಬಾಡಿಗೆಗಿದ್ದಳು. ಕೆಲಸದ ಕರೆಗೆ ಹಗಲೂ ರಾತ್ರಿ ಬಡಿಯುವ ಅವಳ ಫೋನಿನ ಗಂಟೆ ಇವನ ಹೊಲಿಗೆ ಯಂತ್ರದವರೆಗೂ ಕೇಳುತ್ತಿತ್ತು.

"ಕೇಳದಿದ್ರೆ ಒಳ್ಳೇದೇ ಅಲ್ವೇನಪ್ಪ. ಪಾಪ, ಸ್ವಲ್ಪ ನಿದ್ದೆ ಮಾಡ್ಲಿ ಬಿಡು."

"ನಿನ್ನೆ ಮಧ್ಯಾಹ್ನದಿಂದ ಒಂದು ಸಲಾನೂ ಇಲ್ಲ. ಈಗ ಹೋಗಿ ಬಾಗಿಲು ಬಡಿದೆ. ಮಾತಿಲ್ಲ."

ನಾನು ಫೋನಿನಲ್ಲೇ ಅವಳ ಕಂಪನಿಯ ಪುಟ ತೆರೆದು ನೋಡಿದೆ. ಅವಳ ಹೆಸರಿತ್ತು. ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಇತ್ತು.

"ಕೆಲಸದಲ್ಲಿದ್ದಾಳೆ ಕಣಪ್ಪ. ಹಸಿರು ಇದೆ," ಎಂದೆ.

"ಹಸಿರು ಇದ್ರೆ ಇರ್ಲಿ ಯಜಮಾನರೇ. ನೀವು ಬನ್ನಿ."

ನಾನು ಹೋಗುವಷ್ಟರಲ್ಲಿ ಅವನು ಚಿಲಕ ಮುರಿದಿದ್ದ. ಕಡಿದಾದ ಕಬ್ಬಿಣದ ಮೆಟ್ಟಿಲನ್ನು ನಾನು ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಅವಳು ಬಾಗಿಲ ಹತ್ತಿರ ಬಿದ್ದಿದ್ದಳು. ಒಂದು ಕೈ ಹೊಸ್ತಿಲ ಕಡೆಗೆ ಚಾಚಿತ್ತು. ಮಂಚದಿಂದ ಬಾಗಿಲವರೆಗೆ ಚಾಪೆ ಮುದುಡಿಕೊಂಡು ಬಂದಿತ್ತು. ತಲೆದಿಂಬಿನ ಪಕ್ಕದಲ್ಲಿ ಫೋನು ಚಾರ್ಜು ಮುಗಿದು ಕಪ್ಪಾಗಿ ಬಿದ್ದಿತ್ತು. ಮೇಜಿನ ಮೇಲೆ ತಟ್ಟೆ ಮುಚ್ಚಿದ ಒಂದು ಲೋಟ ನೀರು ಹಾಗೇ ಇತ್ತು.

ಡಾಕ್ಟರು ಬಂದು ನೋಡಿದರು. ಎದೆಯ ನೋವೇ ಇರಬೇಕು, ಮೊನ್ನೆ ಬೆಳಿಗ್ಗೆ ಬಿದ್ದಿದ್ದಾರೆ, ಆದರೆ ಕೂಡಲೇ ಜೀವ ಹೋಗಿಲ್ಲ ಎಂದರು. ಆಗಲೇ ಯಾರಾದರೂ ಬಂದಿದ್ದರೆ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಸಮಯ ಇತ್ತು."

ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿದೆವು. ನನ್ನ ಕೈಯಲ್ಲಿ ಫೋನು ಇನ್ನೂ ತೆರೆದೇ ಇತ್ತು. ಚುಕ್ಕೆ ಇನ್ನೂ ಹಸಿರಾಗಿಯೇ ಇತ್ತು.

ಒಡಹುಟ್ಟಿದವರಲ್ಲಿ ಉಳಿದಿದ್ದವರು ನಾವಿಬ್ಬರೇ. ಅವಳು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಅದು ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಈ ಕಂಪನಿ ಸೇರಿದಳು. ಅಲ್ಲಿಯ ಹುಡುಗಿಯರು ಅವಳಿಗೆ 'ಟೆಲಿಫೋನಮ್ಮ' ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರು ಇಷ್ಟವಾಗಿತ್ತು.

ದೊಡ್ಡ ದೊಡ್ಡ ವಸತಿ ಕಟ್ಟಡಗಳ ಲಿಫ್ಟು, ನೀರಿನ ಪಂಪು, ಬೆಂಕಿಯ ಅಲಾರಮ್ಮುಗಳನ್ನು ದೂರದಿಂದ ಕಾಯುವ ಕಂಪನಿ ಅದು. ಎಲ್ಲಿ ಏನು ಕೆಟ್ಟರೂ ಕಾವಲಿನವರ ಫೋನಿನಲ್ಲಿ ಗಂಟೆ ಬಡಿಯುತ್ತದೆ. 'ನೋಡಿದೆ' ಎಂದು ಒತ್ತುವ ತನಕ ಬಿಡುವುದಿಲ್ಲ. ಒತ್ತಿದ ಮೇಲೆ ರಿಪೇರಿಯವರನ್ನು ಕಳಿಸಿ, ಎಲ್ಲರೂ ನೋಡುವ ಪುಟದಲ್ಲಿ ಆ ಲಿಫ್ಟಿಗೋ ಪಂಪಿಗೋ ಕೆಂಪು ಬಣ್ಣ ಕೊಟ್ಟು, ಏನಾಗಿದೆ ಎಂದು ಒಂದು ಸಾಲು ಬರೆಯಬೇಕು. ಸರಿಹೋದರೆ ಹಸಿರು. ತಿಂಗಳ ಕೊನೆಗೆ ನೂರರಲ್ಲಿ ಎಷ್ಟು ಪಾಲು ಹಸಿರಿತ್ತು, ಗಂಟೆಗೆ ಎಷ್ಟು ಬೇಗ ಓಗೊಟ್ಟರು ಎಂಬ ವರದಿ ಗಿರಾಕಿಗಳಿಗೆ ಹೋಗುತ್ತದೆ. ಆ ವರದಿ ನೋಡಿಯೇ ಅವರು ದುಡ್ಡು ಕೊಡುವುದು. ಹಸಿರು ಕಡಿಮೆಯಾದರೆ ಕಾವಲಿನವರ ಸಂಬಳಕ್ಕೆ ಕತ್ತರಿ.

"ಅಲ್ಲಣ್ಣ, ಲಿಫ್ಟ್ ಕೆಡಿಸಿದೋಳು ನಾನಾ?" ಎಂದು ನಗುತ್ತಿದ್ದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಕೆಂಪು ಹಾಕಬೇಕಾದಲ್ಲಿ ಹಳದಿ ಹಾಕು ಎಂದು ಸೂಪರ್‌ವೈಸರ್ ಹೇಳುತ್ತಿದ್ದನಂತೆ. ಹಳದಿ ಎಂದರೆ ನಿಧಾನವಾಗಿದೆ ಎಂದು. ಅದು ಲೆಕ್ಕಕ್ಕೆ ಬರುವುದಿಲ್ಲ. ಇವಳು ಒಪ್ಪುತ್ತಿರಲಿಲ್ಲ. ನಿಂತದ್ದನ್ನು ನಿಂತಿದೆ ಎಂದೇ ಬರೆಯುತ್ತಿದ್ದಳು. 'ಲಿಫ್ಟ್ ನಿಂತಿದೆ. ಯಾವಾಗ ಸರಿಹೋಗುತ್ತದೋ ಗೊತ್ತಿಲ್ಲ. ಗೊತ್ತಾದ ಕೂಡಲೇ ಬರೆಯುತ್ತೇನೆ.' ಅವಳ ಸಾಲುಗಳೆಲ್ಲ ಹೀಗೇ.

ಅವಳು ಕಾಯುತ್ತಿದ್ದದ್ದು ತನ್ನ ಕೋಣೆಯಿಂದಲೇ. ಕಾವಲಿನಲ್ಲಿರುವಾಗ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಜೊತೆಯ ಇನ್ನೊಬ್ಬಳು ಕೆಲಸ ಬಿಟ್ಟುಹೋದ ಮೇಲೆ ಅವಳ ಪಾಳಿಯೂ ಇವಳಿಗೇ ಬಿತ್ತು. ನನಗೆ ಮೊಣಕಾಲು ನೋವು, ಆ ಮೆಟ್ಟಿಲು ಆಗದು. ಹಾಗಾಗಿ ನಾವು ಮುಖ ನೋಡುವುದೇ ಅಪರೂಪವಾಯಿತು. ಒಂದು ದಿನ ಅವಳೇ ಬಂದು ನನ್ನ ಫೋನಿನಲ್ಲಿ ಆ ಪುಟ ತೆರೆದು ಕೊಟ್ಟಳು. ಕೆಳಗಡೆ, ಈಗ ಕಾವಲಿನಲ್ಲಿರುವವರು ಎಂದು ಹೆಸರುಗಳಿದ್ದವು.

"ಇದು ಹಸಿರಿದ್ರೆ ನಾನು ಚೆನ್ನಾಗಿದ್ದೀನಿ ಅಂತ. ಗಂಟೆಗೆ ಓಗೊಡದಿದ್ರೆ ಬೂದಿ ಬಣ್ಣ ಆಗುತ್ತೆ. ಆಗ ಬಂದು ಬಯ್ಯಿ."

ಅಂದಿನಿಂದ ಬೆಳಿಗ್ಗೆ ದೇವರಿಗೆ ದೀಪ ಹಚ್ಚುವುದು, ಕೈಮುಗಿಯುವುದು, ಆಮೇಲೆ ಆ ಚುಕ್ಕೆ ನೋಡುವುದು. ಎರಡು ದೀಪವೂ ಉರಿಯುತ್ತಿವೆ ಎಂದು ಸಮಾಧಾನವಾಗುತ್ತಿತ್ತು. ದಿನವಿಡೀ ನನ್ನ ಕೋಣೆಯಲ್ಲಿ ನನ್ನ ಹೊರತು ಉಸಿರಾಡುವ ಇನ್ನೊಂದು ಜೀವ ಇರಲಿಲ್ಲ. ಆ ಚುಕ್ಕೆಯನ್ನು ನಾನು ಒಂದು ಜೀವ ಎಂದೇ ನಂಬಿದ್ದೆ.

ಮಣ್ಣು ಮಾಡಿ ಬಂದ ಮೇಲೆ ದರ್ಜಿ ನನ್ನ ಜೊತೆ ಕುಳಿತಿದ್ದ. ಕೊನೆಗೆ ಹೇಳಿದ.

"ಯಜಮಾನರೇ, ಡಾಕ್ಟ್ರು ಮೊನ್ನೆ ಬೆಳಿಗ್ಗೆ ಬಿದ್ರು ಅಂದ್ರು. ಆದ್ರೆ ಆ ದಿನವೆಲ್ಲ ಗಂಟೆ ಬಡೀತಾನೇ ಇತ್ತು. ಬಡಿಯೋದು, ನಿಲ್ಲೋದು. ನಿಲ್ತಿತ್ತಲ್ಲ, ಅದಕ್ಕೇ ನಾನು ಮೇಲೆ ಹೋಗ್ಲಿಲ್ಲ. ಅಕ್ಕ ಒತ್ತಿರ್ತಾರೆ ಅಂದ್ಕೊಂಡೆ. ಬಿದ್ದೋರು ಹೇಗೆ ಒತ್ತಿದ್ರು?"

ಆಗ ನನಗೆ ಪುಟದ ನೆನಪಾಯಿತು. ಆ ಎರಡು ದಿನ ಅವಳ ಹೆಸರಿನಲ್ಲಿ ಸಾಲುಗಳಿದ್ದವು. ತೆಗೆದು ನೋಡಿದೆವು. 'ಸೇವೆಯಲ್ಲಿ ತುಸು ವಿಳಂಬ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ಎಲ್ಲವೂ ಹಳದಿ. ಅದು ನನ್ನ ತಂಗಿಯ ಮಾತಲ್ಲ. ಅವಳು ವಿಷಾದಿಸುವವಳೇ ಅಲ್ಲ.

ಮರುದಿನ ದರ್ಜಿ ಅಂಗಡಿ ಮುಚ್ಚಿ ನನ್ನ ಕೈ ಹಿಡಿದು ಕಂಪನಿಗೆ ಕರೆದೊಯ್ದ.

ಕಿಟಕಿಯಿಲ್ಲದ ಉದ್ದನೆಯ ಕೋಣೆ. ಸಾಲಾಗಿ ಕುಳಿತ ಹೆಂಗಸರು, ಎಲ್ಲರ ಕಿವಿಯಲ್ಲೂ ಹೆಡ್‌ಫೋನು. ಎದುರಿನ ಗೋಡೆಯ ಮೇಲೆ ದೊಡ್ಡ ಪರದೆ, ಅದರ ತುಂಬ ಹಸಿರು. ಈ ವಾರ ನೂರಕ್ಕೆ ನೂರು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಸೂಪರ್‌ವೈಸರ್ ಎದ್ದು ಬಂದ. ಮುಖ ಬಾಡಿದ್ದ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದ. ಟೆಲಿಫೋನಮ್ಮ ಒಳ್ಳೆಯವರು, ಕಂಪನಿಗೆ ತುಂಬಲಾರದ ನಷ್ಟ ಎಂದು ಪಾಠ ಒಪ್ಪಿಸುವ ಹಾಗೆ ಹೇಳಿದ.

ನಾನು ಒಂದೇ ಮಾತು ಕೇಳಿದೆ. "ಅವಳ ಹೆಸರಲ್ಲಿ ಒತ್ತಿದ್ದು ಯಾರಪ್ಪ?"

ಅವನು ಹಿಂತಿರುಗಿ ನೋಡಿದ. ದನಿ ತಗ್ಗಿಸಿದ. "ನಾನೇ ಸರ್. ದೊಡ್ಡ ಗಿರಾಕಿ, ಒಪ್ಪಂದ ಹೊಸದು ಮಾಡೋ ವಾರ. ಗಂಟೆಗೆ ಓಗೊಡದಿದ್ರೆ ವರದಿ ಕೆಡ್ತಿತ್ತು. ಮೇಲಿನೋರು ನನ್ನ ಬಿಡ್ತಿರ್ಲಿಲ್ಲ. ನಿದ್ದೆ ಹೋಗಿರ್ಬೇಕು ಅಂದ್ಕೊಂಡೆ. ಅವರಿಗೇ ಒಳ್ಳೇದಾಗ್ಲಿ ಅಂತ ಒತ್ತಿದೆ."

"ಒತ್ತದೇ ಇದ್ದಿದ್ರೆ?"

ಉತ್ತರ ಬಂದದ್ದು ಹಿಂದಿನ ಸಾಲಿನಿಂದ. ಕನ್ನಡಕ ಹಾಕಿದ ಒಬ್ಬ ಹೆಂಗಸು ಹೆಡ್‌ಫೋನು ತೆಗೆದು ಎದ್ದು ನಿಂತಿದ್ದಳು.

"ಒತ್ತದಿದ್ರೆ ಗಂಟೆ ಎರಡನೆಯವರಿಗೆ ಹೋಗ್ತಿತ್ತು ದೊಡ್ಡಪ್ಪ. ಎರಡನೆಯವಳು ನಾನು. ಟೆಲಿಫೋನಮ್ಮ ಯಾಕೆ ಒತ್ತಿಲ್ಲ ಅಂತ ನೋಡೋದು ನನ್ನ ಕೆಲಸ. ಫೋನ್ ಎತ್ತದಿದ್ರೆ ಮನೆಗೆ ಜನ ಕಳಿಸ್ಬೇಕು ಅಂತ ನಿಯಮಾನೇ ಇದೆ. ನನಗೆ ಗಂಟೆ ಬರ್ಲೇ ಇಲ್ಲ."

ಕೋಣೆಯೊಳಗೆ ಎಲ್ಲರ ಹೆಡ್‌ಫೋನು ಕೆಳಗಿಳಿದಿತ್ತು.

ನಾನು ಸೂಪರ್‌ವೈಸರ್‌ಗೆ ಹೇಳಿದೆ: ನನಗೆ ನಿಮ್ಮ ಹಣ ಬೇಡ, ಹೂವಿನ ಹಾರವೂ ಬೇಡ. ಆ ಪುಟದಲ್ಲಿ ಒಂದು ಸಾಲು ಬರೆಯಿರಿ. ಆ ಎರಡು ದಿನ ಕಾವಲಿನವಳು ನೆಲಕ್ಕೆ ಬಿದ್ದಿದ್ದಳು, ಅವಳ ಹೆಸರಿನಲ್ಲಿ ಬೇರೆಯವರು ಒತ್ತಿದರು ಎಂದು. ಅಷ್ಟು ಸಾಕು.

"ಆಗಲ್ಲ ಸರ್. ಆ ಪುಟ ಇರೋದು ಲಿಫ್ಟಿಗೆ, ಪಂಪಿಗೆ. ಮನುಷ್ಯರ ವಿಷಯ ಅಲ್ಲಿ ಬರಲ್ಲ."

"ಅಲ್ಲಪ್ಪಾ, ಲಿಫ್ಟ್ ನಿಂತ್ರೆ ಊರಿಗೆಲ್ಲ ಹೇಳ್ತೀರಿ. ಆಯಮ್ಮನ ಉಸಿರು ನಿಂತ್ರೆ ಹಳದಿ ಬಳೀತೀರಾ?" ಎಂದ ದರ್ಜಿ.

ಕನ್ನಡಕದ ಹೆಂಗಸು ಸಾಲು ದಾಟಿ ಮುಂದೆ ಬಂದಳು. ನಮ್ಮೆಲ್ಲರ ಪಾಸ್‌ವರ್ಡೂ ನಿಮ್ಮ ಹತ್ತಿರ ಇದೆಯಲ್ಲವೇ ಎಂದು ಅವನನ್ನು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

"ನನ್ನ ಹೆಸರಲ್ಲೂ ಒತ್ತಿದ್ದೀರಾ?"

ಅವನು ಅವಳ ಕಣ್ಣು ತಪ್ಪಿಸಿ ಪರದೆಯ ಕಡೆ ತಿರುಗಿದ.

"ಅಂದ್ರೆ ನಾನು ಸತ್ರೂ ನಮ್ಮನೆಯೋರಿಗೆ ನಾನು ಹಸಿರಾಗೇ ಕಾಣ್ತಿದ್ದೆ."

ಇದನ್ನು ಅವಳು ಕೂಗಿ ಹೇಳಲಿಲ್ಲ. ಸಾಲಿನ ಕಡೆಗೆ ತಿರುಗಿ, ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸುವ ಹಾಗೆ ಹೇಳಿದಳು. ಹೋಗಿ ತನ್ನ ಜಾಗದಲ್ಲಿ ಕುಳಿತು, ಎದುರಿಗೆ ಬಡಿಯುತ್ತಿದ್ದ ಗಂಟೆಯನ್ನು ಒತ್ತದೆ ಬಿಟ್ಟಳು. ಪರದೆಯ ಮೇಲೆ ಅವಳ ಚುಕ್ಕೆ ಬೂದಿಯಾಯಿತು. ಪಕ್ಕದವಳದೂ ಆಯಿತು. ಆಮೇಲೆ ಅದರ ಪಕ್ಕದ್ದು. ಎಲ್ಲೋ ಇನ್ನೊಂದು ಗಂಟೆ ಬಡಿಯತೊಡಗಿತು. ಯಾರೂ ಒತ್ತಲಿಲ್ಲ. ಸೂಪರ್‌ವೈಸರ್ ತಾನೇ ಒತ್ತಲು ಓಡಿದ. ಅಷ್ಟು ಹೆಸರುಗಳಿಗೆ ಅವನ ಎರಡು ಕೈ ಸಾಲಲಿಲ್ಲ. ಗಂಟೆ ಒಬ್ಬರಿಂದೊಬ್ಬರಿಗೆ ಏರುತ್ತ ಹೋಗಿ, ಕೊನೆಗೆ ಗಾಜಿನ ಬಾಗಿಲಿನ ಆಚೆ, ಎಂದೂ ಗಂಟೆ ಕೇಳದ ದೊಡ್ಡವರ ಕೋಣೆಯಲ್ಲಿ ಬಡಿಯಿತು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತ್ತು. 'ಟೆಲಿಫೋನಮ್ಮ ಬಿದ್ದರು. ಗಂಟೆ ಬಡಿಯಿತು. ನಮಗೆ ಬರದ ಹಾಗೆ ಅವರ ಹೆಸರಿನಲ್ಲಿ ನಿಲ್ಲಿಸಿದರು. ಅವರು ಹೋದರು.' ಅದನ್ನು ಯಾರೋ ಅಳಿಸಿದರು. ಇನ್ನೊಬ್ಬಳು ಮತ್ತೆ ಬರೆದಳು. ನಾವು ಹೊರಟಾಗಲೂ ಅಳಿಸುವುದು, ಬರೆಯುವುದು ನಡೆದೇ ಇತ್ತು.

ಆ ಹೆಂಗಸರಲ್ಲಿ ಕೆಲವರ ಕೆಲಸ ಹೋಯಿತು. ಉಳಿದವರು ಪಾಸ್‌ವರ್ಡು ಬದಲಿಸಿಕೊಂಡರಂತೆ, ಯಾರಿಗೂ ಕೊಡುವುದಿಲ್ಲ ಎಂದರಂತೆ. ಕನ್ನಡಕದ ಹೆಂಗಸು ಈಗ ಕೆಲಸವಿಲ್ಲದೆ ಮನೆಯಲ್ಲಿದ್ದಾಳೆ. ದಿನಕ್ಕೊಮ್ಮೆ ಫೋನು ಮಾಡಿ, "ದೊಡ್ಡಪ್ಪ, ಇದ್ದೀರಾ?" ಎಂದು ಕೇಳುತ್ತಾಳೆ. ಇದ್ದೇನೆ ಎನ್ನುತ್ತೇನೆ.

ಬೆಳಿಗ್ಗೆ ದೀಪ ಹಚ್ಚುತ್ತೇನೆ. ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಅವಳ ಹೆಸರನ್ನು ತೆಗೆದುಹಾಕಿದ್ದಾರೆ. ಕಣ್ಣು ಮುಚ್ಚಿ ಕೈಮುಗಿಯುತ್ತೇನೆ.

ತಂದೇ, ನನ್ನ ತಂಗಿ ನಿನ್ನ ಬಳಿಗೆ ಬಂದಿದ್ದಾಳೆ. ಬಾಗಿಲವರೆಗೆ ತೆವಳಿ ಬಂದವಳು. ಇಲ್ಲಿ ಯಾರೂ ತೆರೆಯಲಿಲ್ಲ, ನೀನು ತೆರೆ. ಅವಳು ನಿಂತದ್ದನ್ನು ನಿಂತಿದೆ ಎಂದವಳು. ಅವಳ ಮಾತನ್ನು ಅವಳ ಬಾಯಿಂದಲೇ ಕೇಳು, ಅವಳ ಹೆಸರಿನಲ್ಲಿ ಬೇರೆ ಯಾರು ಹೇಳಿದರೂ ನಂಬಬೇಡ. ಅವಳ ತಲೆಯ ಹತ್ತಿರ ಯಾವ ಗಂಟೆಯನ್ನೂ ಇಡಬೇಡ. ಒಂದು ಲೋಟ ನೀರು ಕೊಡು. ಬಹಳ ದಿನದ ನಿದ್ದೆ ಬಾಕಿಯಿದೆ, ಮಲಗಲಿ.