ಹನ್ನೆರಡು ಮೀಟರ್ ಕೇಬಲ್

ಅಪ್ಪ ರೇಡಿಯೋದ ಮೇಲೆ ಟವೆಲ್ ಹೊದಿಸಿ ಮೂರು ತಿಂಗಳಾಗಿತ್ತು. ಮೂವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದ ಜೀವ. "ನನ್ನ ಕಿವಿ ಕೈಕೊಟ್ಟಿತು ಕಣೇ. ಹಗಲೆಲ್ಲ ಹಾಡಿನೊಳಗೆ ದುಂಬಿ ಗುಂಯ್ ಅನ್ನುತ್ತೆ," ಅಂದುಬಿಟ್ಟಿದ್ದ.

ಮಗಳು ಲ್ಯಾಬಿನಲ್ಲಿ ಟೆಕ್ನಿಷಿಯನ್. ಯಂತ್ರಗಳು ಕರೆಂಟು ಎಳೆದುಕೊಳ್ಳುವಾಗ ಅದೇ ತಂತಿಗೆ ರೇಡಿಯೋ ಟೀವಿ ಕೆಡಿಸುವ ಗದ್ದಲ ಎಷ್ಟು ವಾಪಸ್ ಉಗುಳುತ್ತವೆ ಎಂದು ಅಳೆಯುವುದೇ ಅವಳ ಕೆಲಸ. ಊರಿನವರ ಗದ್ದಲವನ್ನೆಲ್ಲ ಅಳೆಯುವವಳು ಅಪ್ಪನ ಕಿವಿಯ ವಿಷಯದಲ್ಲಿ ಅವನ ಮಾತನ್ನೇ ನಂಬಿ ಕೂತಿದ್ದಳು.

ಅವತ್ತು ಪರೀಕ್ಷೆಗೆ ಬಂದದ್ದು ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್. ತಂದವನು ಅವಳ ಮನೆ ಹಿಂದಿನ ಕಾರ್ಖಾನೆಯ ಎಲೆಕ್ಟ್ರಿಷಿಯನ್.

"ಒಂದು ಆಗಲೇ ಓಡ್ತಿದೆ ಅಕ್ಕಾ, ಮೂರು ತಿಂಗಳಾಯ್ತು. ಇನ್ನೂ ನಾಲ್ಕು ಹಾಕ್ತಾರಂತೆ."

ಕಾರ್ಖಾನೆಗೂ ಮನೆಗೂ ಒಂದೇ ಲೈನು; ಅಪ್ಪ ರೇಡಿಯೋಗೆ ಟವೆಲ್ ಹೊದಿಸಿದ್ದೂ ಆಗಲೇ. ಮೂರು ತಿಂಗಳು!

"ಮೋಟಾರಿಗೆ ಒಂದು ಮೀಟರ್ ಕೇಬಲ್ ಹಾಕು, ಬೇಗ ಪಾಸಾಗುತ್ತೆ," ಎಂದ ಲ್ಯಾಬಿನ ಮ್ಯಾನೇಜರ್.

"ಕಾರ್ಖಾನೆಯಲ್ಲಿ ಎಷ್ಟುದ್ದ ಇದೆಯಪ್ಪಾ?" ಅವಳು ಕೇಳಿದಳು.

"ಹನ್ನೆರಡು ಮೀಟರ್," ಎಂದ ಎಲೆಕ್ಟ್ರಿಷಿಯನ್.

ಕೇಬಲ್ ಉದ್ದವಾದಷ್ಟೂ ಗದ್ದಲ ಹೆಚ್ಚು. ಅದು ಮ್ಯಾನೇಜರಿಗೂ ಗೊತ್ತು. ಗೊತ್ತಿದ್ದೇ ಮೇಜಿನ ಮೇಲೊಂದು ಸಾಧು ಯಂತ್ರ, ಬೀದಿಯ ಬಡವರ ಪಾಲಿಗೊಂದು ರಾಕ್ಷಸ ಯಂತ್ರ! ಅವಳು ಹನ್ನೆರಡು ಮೀಟರ್ ಅಳೆದು ಕತ್ತರಿಸಿದಳು. ಮೊದಲು ಡ್ರೈವ್ ಆರಿಸಿಯೇ ನೋಡಿದಳು: ಪರದೆಯ ಗೆರೆ ತಣ್ಣಗೆ ಕೆಳಗೆ ಮಲಗಿತ್ತು. ಸ್ವಿಚ್ ಹಾಕಿದ್ದೇ ತಡ, ಮಿತಿಯ ಕೆಂಪು ಗೆರೆಯನ್ನು ಹಾರಿ ಕುಣಿಯತೊಡಗಿತು.

"ಮನಸ್ಸಿಗೆ ಬಂದ ಹಾಗೆ ಮಾಡೋಕೆ ಇದೇನು ನಿಮ್ಮಪ್ಪನ ಮನೆಯಾ?" ಮ್ಯಾನೇಜರ್ ಸಿಡಿದ.

"ಅಪ್ಪನ ಮನೆಗೇ ಹೋಗ್ತಿದೆ ಸರ್ ಈ ಗದ್ದಲ. ಒಂದು ಮೀಟರಿನ ಕಾಗದಕ್ಕೆ ನಾನು ಸಹಿ ಹಾಕಲ್ಲ. ಬೇರೆ ಯಾರ ಕೈಲಾದ್ರೂ ಹಾಕಿಸಿ, ಕೇಬಲ್ ಉದ್ದ ಮಾತ್ರ ಬರೆಸಿ."

ಒಂದೇ ಮೀಟರ್ ಎಂದು ಬರೆಸಿದರೆ ಮೋಸ ಬಯಲಾಗುತ್ತಿತ್ತು; ಅಷ್ಟು ಧೈರ್ಯ ಅವನಿಗಿರಲಿಲ್ಲ. ಡ್ರೈವ್ ಫೇಲಾಯಿತು. ಗೊಣಗಿಕೊಂಡೇ ಕಾರ್ಖಾನೆಯವರು ಹಳೆಯದಕ್ಕೂ ಹೊಸದಕ್ಕೂ ಗದ್ದಲ ತಡೆಯುವ ಫಿಲ್ಟರ್ ಹಾಕಿಸಿದರು.

ಮರುವಾರ ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಗೋಡೆಯಾಚೆ ಕಾರ್ಖಾನೆ ದಡದಡ ಓಡುತ್ತಿತ್ತು. ಟವೆಲ್ ತೆಗೆದು ರೇಡಿಯೋದ ಪ್ಲಗ್ ಚುಚ್ಚಿದಳು.

"ಬೇಡ ಕಣೇ, ಸುಮ್ನೆ ಯಾಕೆ..." ಅಪ್ಪನ ಮಾತು ಅಲ್ಲೇ ನಿಂತಿತು. ಹೆಂಗಸೊಬ್ಬಳ ದನಿ, ಎದುರೇ ಕೂತು ಹಾಡಿದ ಹಾಗೆ, ಕೋಣೆ ತುಂಬಿತು.

"ನನ್ನ ಕಿವಿಗೆ ಏನು ಮಾಡಿದೆಯೇ?"

"ನಿನ್ನ ಕಿವಿಗೆ ಏನೂ ಆಗಿರಲಿಲ್ಲಪ್ಪಾ."

ಅವನು ಟವೆಲ್ ಎಳೆದುಕೊಂಡು ಕಣ್ಣೊರೆಸಿಕೊಂಡ. "ಎಂಥಾ ಧೂಳು ಇದ್ರಲ್ಲಿ," ಎಂದ. ಆಮೇಲೆ ಗದರಿದ: "ಸೌಂಡ್ ಕಡಿಮೆ ಮಾಡೇ. ನಾನೇನು ಕಿವುಡನಾ?"