ಜೋಡಿ ವೀಸಾ

ಜನಾಜಾ ಮಂಚದ ಮುಂದಿನ ಕಾಲಿಗೆ ಹೆಗಲು ಕೊಡಲು ಸತ್ತಾರ್ ಸಾಬರು ಬಗ್ಗಿದ್ದೇ ತಡ, ಪರ್ವೇಜ್ ಅವರ ರಟ್ಟೆ ಹಿಡಿದು ಹಿಂದಕ್ಕೆಳೆದ.

"ಫುಪ್ಪಾ, ನೀವು ಮುಟ್ಟಂಗಿಲ್ರಿ. ಉಸಿರು ನಿಂತ ಕೂಡ್ಲೆ ನಿಖಾ ಮುರೀತು. ಈಗ ಫುಪ್ಪಿಗೆ ನೀವು ಗೈರ್."

ಗೈರ್ ಅಂದರೆ ಹೊರಗಿನವನು, ಪರಪುರುಷ. ಮೂವತ್ತೊಂಬತ್ತು ವರ್ಷ ಬಾಳಿದ ಹೆಂಡತಿ ಗುಲ್ಶನ್ ಬೇಗಂಗೆ ಸತ್ತಾರ್ ಸಾಬರು ಅಂದು ಮುಂಜಾನೆ ಆರು ಗಂಟೆಯಿಂದ ಪರಪುರುಷರಾಗಿದ್ದರು. ತೀರ್ಪು ಕೊಟ್ಟ ಪರ್ವೇಜ್ ಗುಲ್ಶನ್‌ಳ ಅಣ್ಣನ ಮಗ, ಅವನಿಗೆ ಅವಳು ಫುಪ್ಪಿ, ಅಂದರೆ ಸೋದರತ್ತೆ; ಮಾನ್ವಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ವರ್ಷಕ್ಕೆ ಎರಡು ಈದ್ ಬಿಟ್ಟರೆ ಮಸೀದಿಯ ಮೆಟ್ಟಿಲು ಹತ್ತದ ಈ ಮನುಷ್ಯನಿಗೆ ಸಾವಿನ ಮನೆಯಲ್ಲಿ ಮಾತ್ರ ಎಲ್ಲ ಕಾಯಿದೆಯೂ ಬಾಯಿಪಾಠ ಬರುತ್ತಿತ್ತು.

"ನಾ ಆಕಿಗೆ ಮಾತು ಕೊಟ್ಟೀನಪಾ," ಅಂದರು ಸತ್ತಾರ್ ಸಾಬರು. "ನನ್ನ ಕೈಲೇ ಖಬರಿಗೆ ಇಳಸ್ತೀನಿ ಅಂತ."

"ಇಳಸಾಕ ನಾವದೀವಿ. ಅಬ್ಬಾ ಅದಾರ, ನಾ ಅದೀನಿ, ತಮ್ಮ ಸಮೀಉಲ್ಲಾ ಅದಾನ. ಮೂರು ಮಂದಿ ರಕ್ತದವ್ರು ಇರೋವಾಗ ನೀವ್ಯಾಕ?"

ಪರ್ವೇಜನ ತಂದೆ ಗುಲಾಮ್ ರಸೂಲ್ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ತಲೆಯಾಡಿಸಿದ. ತಂಗಿ ಪಾರ್ಶ್ವವಾಯು ಹೊಡೆದು ಎಂಟು ತಿಂಗಳು ಮಲಗಿದ್ದಾಗ ಮಾನ್ವಿಯಿಂದ ರಾಯಚೂರಿಗೆ ಒಂದು ಸಲವೂ ಬಾರದ ರಕ್ತ ಇದು. ಈಗ ಮಾತ್ರ ಎರಡು ಕಾರು ಮಾಡಿಕೊಂಡು ಬಂದಿತ್ತು.

ಜನಾಜಾದ ಒಂದು ಕಾಲಿಗೆ ಜನ ಕಡಿಮೆ ಬಿದ್ದರು. ಗುಂಜಹಳ್ಳಿಯ ಯಂಕಣ್ಣ ಅಂಗಳದಲ್ಲೇ ನಿಂತಿದ್ದ. ಒಂದು ಕಾಲಕ್ಕೆ ಸತ್ತಾರ್ ಸಾಬರ ಜೊತೆ ಲಾರಿ ಓಡಿಸಿದವನು. ಪರ್ವೇಜ್ ಅವನನ್ನೇ ಕರೆದ. ಯಂಕಣ್ಣ ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಬಂದ, ಹೆಗಲು ಕೊಡುವ ಮೊದಲು ಒಂದು ಮಾತು ಕೇಳಿದ.

"ಅಲ್ಲೋ ಪರ್ವೇಜಾ, ಬ್ಯಾರೆ ಜಾತಿಯಾಂವ ನಾ ಹೆಗಲು ಕೊಡಬೋದು, ತಾಳಿ... ನಿಮ್ಮದೇನು, ನಿಖಾ ಮಾಡ್ಕೊಂಡಾಂವ ಕೊಡಬಾರದು. ಇದ್ಯಾವ ಊರ ನ್ಯಾಯ?"

"ಕಾಕಾ, ಅದು ನಿಮಗ ತಿಳ್ಯಂಗಿಲ್ಲ. ಎತ್ತರಿ."

ಹೊಸ್ತಿಲೊಳಗೆ ಹೆಂಗಸರು ಅಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಸತ್ತಾರ್ ಸಾಬರ ಅಕ್ಕ, ದೇವದುರ್ಗದ ಮುನ್ನೀ ಬೀ. ಮೈ ತೊಳೆಸಿ ಕಫನ್ ಸುತ್ತಿದ ಮೇಲೆ ತಮ್ಮ ಒಮ್ಮೆ ಮುಖ ನೋಡಲು ಬಂದಾಗ, "ನೋಡಬ್ಯಾಡ ಸತ್ತಾರಾ, ಈಗ ಆಕಿ ನಿನ್ನಾಕಿ ಅಲ್ಲ," ಎಂದು ಬಟ್ಟೆ ಎಳೆದವಳೂ ಅವಳೇ. ಮುಖ ಮುಚ್ಚಿದ ಮೇಲೆ ಪಕ್ಕದವಳ ಕಿವಿಯಲ್ಲಿ ಅವಳು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು.

"ಕೈ ನೋಡಿದ್ಯೇನ? ಮಂದಿ ಮನಿ ತಾಟು ತೊಳದು ತೊಳದು ಕಟ್ಟಿಗಿ ಆಗ್ಯಾವ. ಮ್ಯಾಲ ಗಂಡನ ಕಡಿಂದ ಮೈ ತೊಳಸ್ಕೊಂಡಾಳ ಎಂಟು ತಿಂಗಳಾ. ತೋಬಾ ತೋಬಾ."

ಆ ಎಂಟು ತಿಂಗಳಲ್ಲಿ ಮುನ್ನೀ ಬೀ ಒಂದು ಚೊಂಬು ನೀರೂ ಹಾಕಿರಲಿಲ್ಲ.

*

ಸತ್ತಾರ್ ಸಾಬರು, ಗುಲ್ಶನ್ ರಿಯಾದಿಗೆ ಹೋದದ್ದು ಜೋಡಿ ವೀಸಾದ ಮೇಲೆ. ಗಂಡ ಡ್ರೈವರು, ಹೆಂಡತಿ ಅಡುಗೆಯವಳು, ಇಬ್ಬರಿಗೂ ಒಂದೇ ಮನೆ, ಒಬ್ಬಳೇ ಯಜಮಾನಿ. ಗೇಟಿನ ಪಕ್ಕ ಒಂದು ಕೋಣೆ, ಗೋಡೆಯ ಆಚೆ ನೀರಿನ ಮೋಟರು. ಮಕ್ಕಳಿಲ್ಲದ ಗಂಡ ಹೆಂಡತಿಗೆ ಅಷ್ಟು ಜಾಗ ಸಾಕು ಎಂದು ಏಜೆಂಟ್ ಹೇಳಿದ್ದ. ಮೋಟರಿನ ಸದ್ದಿನ ವಿಚಾರ ಹೇಳಿರಲಿಲ್ಲ.

ಮೊದಲ ತಿಂಗಳು ಸತ್ತಾರ್ ಸಾಬರು ಬೋರ್ಡು ಓದಲಾಗದೆ ಒಂದೇ ಸರ್ಕಲನ್ನು ನಾಲ್ಕು ಸಲ ಸುತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಯಜಮಾನಿ ನಗುತ್ತಿದ್ದಳು. ರಾಯಚೂರಿನಿಂದ ಮುಂಬೈತನಕ ಲಾರಿ ಹೊಡೆದ ಮನುಷ್ಯನಿಗೆ ಆ ನಗೆ ನುಂಗುವುದು ಕಷ್ಟವಾಯಿತು. ಕೋಣೆಗೆ ಬಂದು ಗೋಡೆ ನೋಡುತ್ತ ಕೂಡುತ್ತಿದ್ದರು. ಗುಲ್ಶನ್ ಮಾತ್ರ ಅಡುಗೆಮನೆಯಲ್ಲಿ ಯಜಮಾನಿ ಎತ್ತಿ ತೋರಿಸಿದ ಸಾಮಾನಿನ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳಿ ಹೇಳಿ, ಮೂರೇ ತಿಂಗಳಿಗೆ ತರಕಾರಿಯವನ ಜೊತೆ ಅರಬ್ಬಿಯಲ್ಲಿ ಜಗಳಕ್ಕೆ ನಿಂತಳು. ಗಂಡನಿಗೆ ದಾರಿ ಕೇಳುವುದನ್ನು ಕಲಿಸಿದವಳು ಅವಳೇ.

ತಪ್ಪು ನಡೆದದ್ದು ಒಂದು ಫೋಟೋದಿಂದ. ಯಜಮಾನಿಯ ಮನೆಯವರೆಲ್ಲ ವಾರದ ಮಟ್ಟಿಗೆ ಜಿದ್ದಾಕ್ಕೆ ಹೋಗಿದ್ದಾಗ, ಗಂಡ ಹೆಂಡತಿ ದೊಡ್ಡ ಕೋಣೆಯ ಜರಿ ಸೋಫಾದ ಮೇಲೆ ಕುಳಿತು ಫೋಟೋ ತೆಗೆಸಿ ಮಾನ್ವಿಗೆ ಕಳಿಸಿದರು. ಕೆಳಗೆ ಏನೂ ಬರೆಯಲಿಲ್ಲ. ಬರೆಯದೆಯೇ ಊರಿನವರು ಓದಿಕೊಂಡರು. ಸತ್ತಾರ್ ಆಫೀಸಿನಲ್ಲಿ ಸಾಹೇಬ, ಗುಲ್ಶನ್ ಸೋಫಾ ಬಿಟ್ಟು ಇಳಿಯುವುದಿಲ್ಲ. ಗುಲಾಮ್ ರಸೂಲ್ ಆ ಫೋಟೋಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ. ಪ್ರತಿ ಸಲ ರಜೆಗೆ ಬರುವ ಮುಂಚೆ ಪಟ್ಟಿ ಬರುತ್ತಿತ್ತು: ಕಂಬಳಿ, ಅತ್ತರು, ಬ್ಯಾಟರಿ, ಮುನ್ನೀ ಬೀಗೆ ಕಪ್ಪು ಬುರ್ಖಾ, ಕಸೂತಿ ಇರಬೇಕು. ಇಬ್ಬರೂ ಸುಳ್ಳನ್ನು ಒಡೆಯಲಿಲ್ಲ. ಒಡೆಯಲು ನಾಚಿಕೆಯಾಯಿತು, ನಿಜವಾಗಿ ಹೇಳಬೇಕೆಂದರೆ ಸ್ವಲ್ಪ ಸುಖವೂ ಆಯಿತು.

ಐದನೆಯ ವರ್ಷ ಸಮೀಉಲ್ಲಾ, ಪರ್ವೇಜನ ತಮ್ಮ, ಏಸಿ ರಿಪೇರಿ ಕೆಲಸಕ್ಕೆ ಅದೇ ಊರಿಗೆ ಬಂದ. ಒಂದು ಶುಕ್ರವಾರ ವಿಳಾಸ ಹುಡುಕಿಕೊಂಡು ಬಂದವನಿಗೆ ಹಿಂದಿನ ಬಾಗಿಲಲ್ಲಿ ಸಿಕ್ಕಿದವಳು ಫುಪ್ಪಿ. ಎರಡೂ ಕೈಯಲ್ಲಿ ಕಸದ ಚೀಲ, ಸೊಂಟಕ್ಕೆ ಒದ್ದೆ ಅರಿವೆ. ಅವಳು ಚಹಾ ಮಾಡಲು ಒಳಗೆ ಓಡಿದಳು. ಚಹಾ ತರುವಷ್ಟರಲ್ಲಿ ಅವನಿರಲಿಲ್ಲ. ಮರುದಿನ ಮಾನ್ವಿಯ ಅಂಗಡಿಯಿಂದ ಫೋಟೋ ಇಳಿಯಿತು. ಅವತ್ತಿನಿಂದ ಅವಳಿಗೆ ಬಳಗದಲ್ಲಿ ಒಂದೇ ಹೆಸರು, ತಾಟು ತೊಳೆಯುವವಳು. ಆ ತಾಟು ತೊಳೆದು ಬಂದ ಕಂಬಳಿಯನ್ನು ಮಾತ್ರ ಯಾರೂ ವಾಪಸು ಕಳಿಸಲಿಲ್ಲ; ಚಳಿಗಾಲದಲ್ಲಿ ಕಿವಿತನಕ ಎಳೆದುಕೊಂಡೇ ಮಲಗಿದರು.

*

ಜನಾಜಾದ ಮೆರವಣಿಗೆ ರಾಯಚೂರು ಕಿಲ್ಲಾದ ಓಣಿಯಿಂದ ಹೊರಬಿತ್ತು. ಎಲ್ಲರೂ ಸರದಿಯ ಮೇಲೆ ಹೆಗಲು ಬದಲಾಯಿಸುತ್ತಿದ್ದರು. ಸತ್ತಾರ್ ಸಾಬರು ಹದಿನೈದು ಹೆಜ್ಜೆ ಹಿಂದೆ, ಯಾರದೋ ಮನೆಯ ಸಾವಿಗೆ ಬಂದವರ ಹಾಗೆ ನಡೆಯುತ್ತಿದ್ದರು. ಹೆಗಲು ಬಿಟ್ಟು ಬಂದ ಯಂಕಣ್ಣ ಅವರ ಪಕ್ಕ ಸೇರಿಕೊಂಡ.

"ಭಾಳ ಹಗುರ ಆಗ್ಯಾಳಪಾ ನಮ್ಮವ್ವ," ಅಂದ.

"ಊಟ ಎಲ್ಲಿ ಹೋಗ್ತಿತ್ತು ಯಂಕಣ್ಣ. ಗಂಜಿ ಕುಡಸ್ತಿದ್ದೆ."

"ನೀ ಸುಮ್ಕ ಯಾಕ ಬಿಟ್ಟಿ? ಒಂದು ಕಪಾಳಕ್ಕ ಹಾಕಬೇಕಿತ್ತು ಆ ಅರಿವಿ ಅಂಗಡ್ಯಾಂವಗ."

"ಆಕಿ ಅಂಗಳದಾಗ ಮಲಗಿದ್ದಳು. ಆಕಿ ಮುಂದ ಹೆಂಗ ಜಗಳಾಡ್ಲಿ?"

ಮುಂದೆ ಪರ್ವೇಜ್ ಫೋನಿನಲ್ಲಿ ಮಾತಾಡುತ್ತಿದ್ದ. ಮೂರು ಗಂಟೆಯೊಳಗೆ ಮಾನ್ವಿಗೆ ಬರುತ್ತೇನೆ, ಸೂರತ್ತಿನ ಮಾಲು ಇಳಿಸಿಕೊಳ್ಳಿ ಎಂದು ಅಂಗಡಿಗೆ ಹೇಳುತ್ತಿದ್ದ. ಹೇಳಿ ಮುಗಿಸಿ ಫೋನು ಜೇಬಿಗಿಟ್ಟು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕಲ್ಮಾ ಎತ್ತಿದ.

*

ರಿಯಾದಿನಲ್ಲಿ ಪಕ್ಕದ ಮನೆಯ ಡ್ರೈವರು ಸುಡಾನಿನವನು, ಅವನ ಹೆಂಡತಿ ಅಲ್ಲೇ ಅಡುಗೆಯವಳು; ಅವರದೂ ಜೋಡಿಯೇ. ಅಲ್ಲೂ ಜೋಳದ ಹಿಟ್ಟು ಸಿಗುತ್ತದೆ ಎಂದು ಗುಲ್ಶನ್‌ಗೆ ತೋರಿಸಿಕೊಟ್ಟವಳು ಆ ಸುಡಾನಿ ಹೆಂಗಸು. ಅವರ ದೇಶದಲ್ಲೂ ಜೋಳ ತಿನ್ನುತ್ತಾರಂತೆ. ಹಿಟ್ಟಿನ ಚೀಲ ಬಿಚ್ಚಿದ ದಿನ ಗುಲ್ಶನ್ ಅದನ್ನು ಮೂಸಿ ಮೂಸಿ ಅತ್ತಳು. ಕೋಣೆಯಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೆ ಯಜಮಾನಿ ಕಳ್ಳರು ಬಂದರೆಂದು ತನ್ನ ಗಂಡನನ್ನು ಕಳಿಸಿದಳು. ಬಂದವನು ಒಂದು ರೊಟ್ಟಿ ತಿಂದು ಹೋದ.

ರಂಜಾನ್ ತಿಂಗಳಲ್ಲಿ ಅವಳ ಕೈಗೆ ಬಿಡುವಿರುತ್ತಿರಲಿಲ್ಲ. ಆಗ ಹಿಟ್ಟು ನಾದಿದವರು, ಬಟ್ಟೆ ಒಗೆದವರು, ಅವಳ ಬಿರಿದ ಬೆರಳಿಗೆ ಎಣ್ಣೆ ಹಚ್ಚಿದವರು ಸತ್ತಾರ್ ಸಾಬರು. ರಾಯಚೂರಿನಲ್ಲಿದ್ದಾಗ ನೀರಿನ ತಂಬಿಗೆಯನ್ನೂ ಎತ್ತಿ ಕುಡಿಯದ ಗಂಡಸು! ಪರದೇಶದಲ್ಲಿ ಅದನ್ನು ನೋಡಿ ನಗಲು ಬಳಗ ಇರಲಿಲ್ಲ. ಅವರಿಬ್ಬರೂ ನಿಜವಾಗಿ ಗಂಡ ಹೆಂಡತಿಯಾದದ್ದು ಅಲ್ಲಿಯೇ.

ಒಂದು ದಿನ ಸುಡಾನಿ ಹೆಂಗಸು ಎದೆ ಹಿಡಿದುಕೊಂಡು ಕುಸಿದು ಸತ್ತಳು. ಮಣ್ಣಿಗೆ ಹೋಗಿ ಬಂದ ಸತ್ತಾರ್ ಸಾಬರು ಕೈಕಾಲು ತೊಳೆದು ಕುಳಿತು ಹೇಳಿದರು, "ಅಂವ ತಾನಾ ಖಬರಿನ್ಯಾಗ ಇಳದು ಹೇಣ್ತೀನ ತಗೊಂಡ. ಯಾರೂ ಬ್ಯಾಡ ಅನ್ಲಿಲ್ಲ."

ಗುಲ್ಶನ್ ಒದ್ದೆ ಕೈ ಒರೆಸಿಕೊಳ್ಳಲು ಅವರಿಗೆ ಟವೆಲು ಕೊಟ್ಟಳು. ಆಮೇಲೆ ಅಂದಳು, "ನನ್ನೂ ನೀವಾ ಇಳಸ್ರಿ. ನಮ್ಮೋರ ಕೈಗೆ ಕೊಡಬ್ಯಾಡ್ರಿ. ನನ್ನ ಮುಟ್ಟಾಕ ಅವ್ರು ಹೇಸ್ತಾರ."

"ಹುಚ್ಚಿ. ನಾ ಮೊದಲ ಹೋಗ್ತೀನಿ."

"ಹೋಗ್ರಿ ನೋಡೂಣು. ಮಾತು ಕೊಡ್ರಿ."

ಅವರು ಮಾತು ಕೊಟ್ಟರು.

*

ನಮಾಜು ಮುಗಿದು ಖಬರಸ್ತಾನಕ್ಕೆ ಬಂದಾಗ ಗುಂಡಿಯೊಳಗೆ ಪಾದ ಮುಳುಗುವಷ್ಟು ಕೆಸರು. ರಾತ್ರಿಯ ಮಳೆ ಎರೆಮಣ್ಣಿಗೆ ಬಿದ್ದು, ತೋಡಿದವನು ಡಬ್ಬಿಯಿಂದ ನೀರು ಎತ್ತಿ ಎತ್ತಿ ಹಾಕುತ್ತಿದ್ದರೂ ಅಂಟು ಹೋಗಿರಲಿಲ್ಲ. ಹೆಂಗಸಿನ ಮಣ್ಣಾದ್ದರಿಂದ ಗುಂಡಿಯ ಮೇಲೆ ಚಾದರ ಹಿಡಿಯಬೇಕು. ಪರ್ವೇಜ್ ಓಡಿ ಹೋಗಿ ಚಾದರದ ಒಂದು ಮೂಲೆ ಹಿಡಿದುಕೊಂಡ.

"ಇಳಿಯೋರು ಯಾರ್ರಿ?" ಮಸೀದಿಯ ಇಮಾಮರು ಕೇಳಿದರು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ.

ಸತ್ತಾರ್ ಸಾಬರು ಮುಂದೆ ಬಂದರು. ಪರ್ವೇಜ್ ಚಾದರ ಬಿಡದೆಯೇ ಅಂದ, "ಹಜ್ರತ್, ಅವ್ರು ಗೈರ್ ಅಲ್ಲೇನ್ರಿ?"

"ಮೊದಲ ಹಕ್ಕು ರಕ್ತದವ್ರದು," ಅಂದರು ಇಮಾಮರು. "ಅಣ್ಣ, ಅಣ್ಣನ ಮಕ್ಕಳು. ಬರ್ರಿ, ಇಳೀರಿ."

ಗುಲಾಮ್ ರಸೂಲ್ ತನ್ನ ಮೊಣಕಾಲು ಮುಟ್ಟಿ ತೋರಿಸಿದ. "ಸಕ್ರಿ ಕಾಯಿಲಿ ಅದರೀ. ಮಡಚಾಕ ಆಗಂಗಿಲ್ಲ."

ಪರ್ವೇಜ್ ತಮ್ಮನ ಕಡೆ ನೋಡಿದ. "ಸಮೀ, ನೀ ಇಳಿ."

"ನೀ ದೊಡ್ಡಾಂವ. ನೀ ಇಳಿ."

"ನಾ ಚಾದರ ಹಿಡದೀನಲ್ಲ ಬೇ."

"ನಂಗ ಸೊಂಟ ಹಿಡಕೊಂಡದ. ಮುಂಜಾನಿಂದ ಹೇಳಾಕತ್ತೀನಿ."

ಇಬ್ಬರ ಮೈಮೇಲೂ ಹೊಸ ಬಿಳಿ ಜುಬ್ಬಾ ಪೈಜಾಮ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಸ್ವಂತ ಅಂಗಡಿಯ ಬಟ್ಟೆ. ಇಬ್ಬರೂ ಕೆಸರು ನೋಡಿದರು, ತಮ್ಮ ಪೈಜಾಮ ನೋಡಿಕೊಂಡರು, ಮತ್ತೆ ಕೆಸರು ನೋಡಿದರು. ಮೂರು ಮಂದಿ ರಕ್ತದವರು ಗುಂಡಿಯ ಅಂಚಿನಲ್ಲಿ ನಿಂತೇ ಇದ್ದರು. ಜನಾಜಾ ಕಾಯುತ್ತಿತ್ತು. ದೂರದಲ್ಲಿ ನಿಂತ ಯಂಕಣ್ಣ ಪಿಚಕ್ ಎಂದು ಉಗುಳಿದ.

ಅಷ್ಟರಲ್ಲಿ ಸತ್ತಾರ್ ಸಾಬರು ಚಪ್ಪಲಿ ಕಳಚಿ, ಅಂಚಿಗೆ ಕುಳಿತು, ಕಾಲು ಒಳಗೆ ಬಿಟ್ಟಿದ್ದರು.

"ಫುಪ್ಪಾ..."

"ಇಳೀಲಿ ಬಿಡ್ರಿ," ಅಂದರು ಇಮಾಮರು. ಆ ಮೆತ್ತನೆಯ ದನಿ ಈಗ ಅಷ್ಟು ಮೆತ್ತಗಿರಲಿಲ್ಲ. "ಹಕ್ಕಿದ್ದವ್ರು ಅರಿವಿ ನೋಡ್ಕೊಂತ ನಿಂತ ಮ್ಯಾಲ ಹಕ್ಕು ಇವ್ರದಾ."

ಗುಂಡಿ ತೋಡಿದವನು ಕೆಸರಿನ ಮೇಲೆ ಬುಟ್ಟಿಯಿಂದ ಒಣ ಮರಳು ಸುರಿದು ಕಾಲಿನ ಕಡೆ ನಿಂತ, ಸತ್ತಾರ್ ಸಾಬರು ತಲೆಯ ಕಡೆ. ಮೇಲಿನಿಂದ ಗುಲ್ಶನ್ ಇಳಿದು ಬಂದಳು. ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಕೈ ಬೆನ್ನಿನ ಕೆಳಗೆ. ಎಂಟು ತಿಂಗಳಿಂದ ದಿನಕ್ಕೆ ನಾಲ್ಕು ಸಲ ಎತ್ತಿದ ಮೈ, ಆ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಮರಳಿನಲ್ಲಿ ಒಂದು ಹರಳಿತ್ತು. ಮಲಗಿಸುವ ಮೊದಲು ಅವರು ಅದನ್ನು ಹೆಕ್ಕಿ ತೆಗೆದರು. ಮುಖವನ್ನು ಪಶ್ಚಿಮಕ್ಕೆ, ಕಿಬ್ಲಾದ ಕಡೆ ತಿರುಗಿಸಿ, ಕಫನಿನ ಗಂಟು ಸಡಿಲ ಮಾಡಿದರು. ಚಾದರದ ನೆರಳಿನಲ್ಲಿ ಅವರ ತುಟಿ ಅಲುಗಿತು. ಏನೆಂದರೋ ಮೇಲಿದ್ದವರಿಗೆ ಕೇಳಲಿಲ್ಲ, ಅವರಿಗೆ ಕೇಳಿಸಬೇಕಾಗಿಯೂ ಇರಲಿಲ್ಲ.

ಇನ್ನು ಕಲ್ಲು ಹಾಸಬೇಕು, ಅವರು ಮೇಲೆ ಬರಬೇಕು. ಎದೆಮಟ್ಟದ ಗುಂಡಿ, ಅರವತ್ತೇಳರ ವಯಸ್ಸು, ಜಾರುವ ಮಣ್ಣು. ಎರಡು ಸಲ ಕೈಯೂರಿ ಹತ್ತಲು ನೋಡಿದರು, ಆಗಲಿಲ್ಲ. ಮಂದಿ ಎಲ್ಲ ನೋಡುತ್ತಿದ್ದರು. ಈಗ ಪರ್ವೇಜ್ ಚಾದರ ಬಿಟ್ಟು ಮುಂದೆ ಬಂದ. ಜೇಬಿನಿಂದ ಕರ್ಚೀಫು ತೆಗೆದು, ಒಮ್ಮೆ ಜಾಡಿಸಿ, ಬಲಗೈಯ ಅಂಗೈಗೆ ಬೆರಳು ಕಾಣದ ಹಾಗೆ ಅಚ್ಚುಕಟ್ಟಾಗಿ ಸುತ್ತಿಕೊಂಡ. ಆಮೇಲೆ ಬಗ್ಗಿ ಕೈ ಚಾಚಿದ.

"ಬರ್ರಿ ಫುಪ್ಪಾ, ಹಿಡೀರಿ."

ಸತ್ತಾರ್ ಸಾಬರು ಆ ಕರ್ಚೀಫನ್ನು ನೋಡಿದರು. ಅದನ್ನು ಬಿಟ್ಟು, ಅದರ ಮೇಲಕ್ಕೆ, ಜುಬ್ಬಾದ ತೋಳಿಗೆ ಎರಡೂ ಕೈ ಹಾಕಿ, ಮೊಣಕೈತನಕ ಬಿಗಿಯಾಗಿ ಹಿಡಿದು ಮೇಲೆ ಬಂದರು. ಬಂದ ಮೇಲೂ ಒಂದು ಗಳಿಗೆ ಬಿಡಲಿಲ್ಲ. ಬಿಟ್ಟಾಗ ಬಿಳಿ ತೋಳಿನ ಮೇಲೆ ಎರೆಮಣ್ಣಿನ ಹತ್ತು ಬೆರಳು ಮೂಡಿದ್ದವು. ಕರ್ಚೀಫು ಮಾತ್ರ ಬೆಳ್ಳಗೇ ಇತ್ತು.