ಅಡ್ಡಿಲ್ಲ

ನನ್ನ ಅತ್ತೆ ಜಾನಕಿಗೆ ಎಪ್ಪತ್ತನಾಲ್ಕು. ಮಲ್ಲಾಪುರದ ನಮ್ಮ ಕ್ವಾರ್ಟರ್ಸಿನಲ್ಲಿ ಎರಡು ವರ್ಷ ಇದ್ದು ನೋಡಿದರು. ಹರಿವೆ ಬಿತ್ತಲು ಒಂದು ಮೊಳ ಮಣ್ಣಿಲ್ಲದ ಕಡೆ ಉಸಿರು ಕಟ್ಟುತ್ತದೆ ಎಂದು ಹಾರವಾಡಕ್ಕೆ ವಾಪಸು ಹೋದರು. ಅವರ ಮಗ, ನನ್ನ ಗಂಡ ಸುನಿಲ ಹೇಳಿ ಸೋತ. ಹಟದಲ್ಲಿ ನಾನೇನು ಕಡಿಮೆಯೇ? ಅವರ ಕೈಗೊಂದು ಗಡಿಯಾರ ಕಟ್ಟಿ, ಅಡುಗೆಮನೆಯ ಗೋಡೆಗೊಂದು ಮಾತಾಡುವ ಪೆಟ್ಟಿಗೆ ಹಾಕಿಸಿದೆ. ಅತ್ತೆ ಬಿದ್ದರೆ ಗಡಿಯಾರಕ್ಕೆ ಗೊತ್ತಾಗುತ್ತದೆ. "ಸೊಸೆ ಭಾರತಿಗೆ ಫೋನ್ ಮಾಡಲೇ?" ಎಂದು ಪೆಟ್ಟಿಗೆ ಕೇಳುತ್ತದೆ. ಅವರು ಎದ್ದು ಓಡಾಡುವ ತನಕ ಆಗಾಗ ಕೇಳುತ್ತಲೇ ಇರುತ್ತದೆ.

ಮೊದಲ ವಾರವೇ ಎರಡು ಸಲ ಫೋನ್ ಬಂತು. ಎರಡು ಸಲವೂ ರಜೆ ಹಾಕಿ, ಕಾರವಾರ ದಾಟಿ, ಎದ್ದೆನೋ ಬಿದ್ದೆನೋ ಎಂದು ಓಡಿದೆ. ಎರಡು ಸಲವೂ ಅತ್ತೆ ಹಿತ್ತಲಲ್ಲಿ ಹರಿವೆಗೆ ನೀರು ಹಾಕುತ್ತಿದ್ದರು.

"ಎಂತಾ ಆಯ್ತೇ, ಹೇಳ್ದೆ ಕೇಳ್ದೆ ಬಂದಿ?" ಎಂದು ನನ್ನನ್ನೇ ಕೇಳಿದರು.

ವಿಚಾರಿಸಿದಾಗ ತಿಳಿಯಿತು. ಮೀನುಸಾರಿಗೆ ಕಾಯಿ ತುರಿಯಲು ಅತ್ತೆ ತುರಿಮಣೆಯ ಮೇಲೆ ಧೊಪ್ಪನೆ ಕೂರುತ್ತಾರೆ. ಗಡಿಯಾರಕ್ಕೆ ಅದು ಬಿದ್ದ ಹಾಗೆ. ಫೋನ್ ಮಾಡಲೇ ಎಂದು ಪೆಟ್ಟಿಗೆ ಕೇಳಿದಾಗ ಅತ್ತೆ "ಅಡ್ಡಿಲ್ಲ" ಎಂದಿದ್ದಾರೆ. ನಮ್ಮ ಕಡೆ ಹೇಗಿದ್ದೀರಿ ಎಂದರೆ ಜ್ವರ ಬಂದವರೂ ಅಡ್ಡಿಲ್ಲ ಎನ್ನುತ್ತಾರೆ. ಚಾ ಕುಡಿಯುತ್ತೀರಾ ಎಂದರೂ ಅಡ್ಡಿಲ್ಲವೇ. ತನಗೇನೂ ಆಗಿಲ್ಲ ಎಂದು ಅತ್ತೆ ಹೇಳಿದ್ದು. ಆಗಲಿ, ಮಾಡು ಎಂದು ಪೆಟ್ಟಿಗೆ ತಿಳಿದದ್ದು.

ನನಗೆ ತಲೆ ಕೆಟ್ಟಿತ್ತು. "ಬೇಡ ಅನ್ನಿ ಅತ್ತೆ. ಇನ್ನೊಂದು ಸುಳ್ಳು ಫೋನ್ ಬಂದ್ರೆ ನೀವು ಬಟ್ಟೆ ಕಟ್ಕಂಡು ಮಲ್ಲಾಪುರಕ್ಕೆ ಬರೂದೇ" ಎಂದೆ. ಅತ್ತೆಯ ಮುಖ ಸಣ್ಣದಾಯಿತು. ಅಂದಿನಿಂದ ಪೆಟ್ಟಿಗೆಗೆ ತಪ್ಪದೆ "ಬೇಡ" ಎನ್ನತೊಡಗಿದರು.

ಆಷಾಢದ ಒಂದು ಬೆಳಿಗ್ಗೆ ಮತ್ತೆ ಫೋನ್ ಬಂತು. ಆ ಎರಡು ಓಟಗಳ ಮೇಲೆ ಪೆಟ್ಟಿಗೆಯ ಮೂಲಕವೇ ಮಾತಾಡುವ ಹಾಗೆ ಮಾಡಿಸಿದ್ದೆ.

"ಅತ್ತೆ, ಹುಷಾರಿದ್ದೀರಾ?"

"ಅಡ್ಡಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಅದನ್ನೇ ಹೇಳಿದ್ರಾ?"

ಅತ್ತೆ ಸಣ್ಣ ದನಿಯಲ್ಲಿ ಹೇಳಿದರು. "ಹೊಸ್ತಿಲಲ್ಲಿ ಜಾರ್ದೆ ಮಾರಾಯ್ತಿ. ಕಾಲು ಊರೂಕಾಗ್ತಿಲ್ಲ. ಎರಡು ಸಲ ಕೇಳ್ತು, ಬೇಡ ಅಂದೆ. ಮೂರ್ನೇ ಸಲ ಅಡ್ಡಿಲ್ಲ ಅಂದೆ."

ಅತ್ತೆಯ ನೆರೆಮನೆಯ ಮಂಗಲಾಗೆ ಫೋನ್ ಮಾಡಿ ಹೋಗಲು ಹೇಳಿದೆ, ನಾನೂ ಹೊರಟೆ. ದಾರಿಯುದ್ದಕ್ಕೂ ನನ್ನ ನಾಲಗೆಯನ್ನೇ ಬೈದುಕೊಂಡೆ. ನನ್ನ ಬೆದರಿಕೆಗೆ ಹೆದರಿ ಆ ಮುದುಕಿ ನೆಲದ ಮೇಲೆ ಬಿದ್ದುಕೊಂಡೇ ಎರಡು ಸಲ ಬೇಡ ಎಂದಿದ್ದರು.

ಅಂಕೋಲೆಯ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಅತ್ತೆ ನೋವಿನ ಮಾತೇ ಎತ್ತಲಿಲ್ಲ. "ಬಟ್ಟೆ ಮಂಗಲಾ ಕಟ್ತಾಳೆ. ಹರಿವೆನೂ ಅವ್ಳೇ ಕಿತ್ಕಂಡು ಹೋಗೂಕೆ ಹೇಳ್ತೆ" ಎಂದು ಗೋಡೆಯ ಕಡೆ ತಿರುಗಿದರು.

"ಯಾಕೆ? ನಾ ಹೇಳಿದ್ದು ಸುಳ್ಳು ಫೋನಿಗೆ. ಇದು ಖರೇದು" ಎಂದೆ. "ಬಿದ್ದಾಗ ಹಿಂಗೆ ಕರೀತೀರಿ ಅಂದ್ರೆ ಹಾರವಾಡದಲ್ಲೇ ಇರಿ. ಪ್ಲಾಸ್ಟರ್ ಬಿಚ್ಚೂವರೆಗೆ ನಾನೇ ಅಲ್ಲಿ ಬಂದು ಇರ್ಲಾ?"

ಅಡ್ಡಿಲ್ಲ ಎನ್ನುತ್ತಾರೆಂದು ಕಾದೆ. ಅತ್ತೆ ನನ್ನ ಕೈ ಹಿಡಿದುಕೊಂಡು, "ಬಾ" ಎಂದರು.